ಹಿಂದಿನ ಸೀಟಿನವರನ್ನೂ ಕೇಳಿ

ನಿವೃತ್ತಿಯಾಗಿ ಎರಡು ವರ್ಷವಾಯಿತು. ಮನೆಯಲ್ಲಿ ಕೂರಲು ನನ್ನಿಂದ ಇನ್ನೂ ಆಗುತ್ತಿಲ್ಲ. ಬೆಳಿಗ್ಗೆ ತಿಂಡಿ ಮುಗಿಯುತ್ತಿದ್ದಂತೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಸಾಗರದ ಪೇಟೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಯಾರಾದರೂ ಬೈಕ್ ತಂದು ನಿಲ್ಲಿಸಿದರೆ ಅವರಿಗೆ ಆ ಗಾಡಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲುತ್ತೇನೆ. ಗಿಡ್ಡಗಿರುವವರು ಎತ್ತರದ ಗಾಡಿಯ ಮೇಲೆ ತುದಿಗಾಲಲ್ಲಿ ನಿಂತಿದ್ದರೆ ಹೋಗಿ ಹೇಳಿಬಿಡೋಣ ಅನ್ನಿಸುತ್ತದೆ. ಒಮ್ಮೆ ಹೇಳಿಯೂ ಬಿಟ್ಟೆ. ಆ ಹುಡುಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಆಂಟಿ, ನಿಮಗೆ ಬೈಕ್ ಓಡ್ಸೋಕೆ ಬರುತ್ತಾ?" ಎಂದು ಕೇಳಿದ.

ಬರುತ್ತದೆ. ಮೂವತ್ತು ವರ್ಷ ಬೈಕ್ ಮಾರಿದವಳು ನಾನು. ನಮ್ಮ ಶೋರೂಮಿಗೆ ಹೊಸದಾಗಿ ಸೇರಿರುವ ಹುಡುಗಿಯರು ಆಗಾಗ ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ್ದು ಬಿಲ್ ಬರೆಯುವ ಕೆಲಸಕ್ಕೆ. ಮಾಲೀಕರು ಭಾಸ್ಕರ ಶೆಟ್ಟರು. ಹೆಂಗಸರು ಬೈಕ್ ಮಾರುವ ಕಾಲ ಅದಲ್ಲ. ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಬಂದಾಗ ಶೋರೂಮಿನಲ್ಲಿ ನಾನೊಬ್ಬಳೇ ಇದ್ದೆ. ತೋರಿಸೋಣವೆಂದು ಗಾಡಿಯನ್ನು ದೊಡ್ಡ ಸ್ಟ್ಯಾಂಡಿನಿಂದ ಇಳಿಸಿದೆ. ಅದು ಪಕ್ಕದ್ದರ ಮೇಲೆ ವಾಲಿತು, ಪಕ್ಕದ್ದು ಅದರಾಚೆಯದರ ಮೇಲೆ. ಮೂರು ಹೊಸ ಗಾಡಿಗಳು ಸಾಲಾಗಿ ಮಲಗಿದವು. ಗಿರಾಕಿ ಸದ್ದಿಲ್ಲದೆ ಹೊರಟುಹೋದರು. ಶೆಟ್ಟರು ಬಂದು ನೋಡಿದರು. ಕೆಲಸ ಹೋಯಿತೆಂದೇ ತಿಳಿದಿದ್ದೆ.

"ಕಾಲಿಗೆ ಪೆಟ್ಟಾಯ್ತಾ?" ಎಂದರು.

"ಇಲ್ಲ ಶೆಟ್ರೇ."

"ಓಡ್ಸೋಕೆ ಬರದೇ ಇರೋರು ಅದನ್ನ ಮುಟ್ಟಬಾರದು. ನಾಳೆಯಿಂದ ಇಮಾಮ್ ಹತ್ರ ಕಲಿ."

ಇಮಾಮಣ್ಣ ನಮ್ಮ ಮೆಕ್ಯಾನಿಕ್. ಇಕ್ಕೇರಿ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನನಗೆ ಬೈಕ್ ಕಲಿಸಿದರು. ನಾನು ಕುಳ್ಳಿ. ಗಾಡಿ ನಿಲ್ಲಿಸುವಾಗಲೆಲ್ಲ ಒಂದು ಕಡೆಗೆ ವಾಲುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಸೀಟಿನ ಎತ್ತರವೆಂದರೆ ಏನು, ಜಲ್ಲಿಯ ಮೇಲೆ ಗಾಡಿಯ ಭಾರವನ್ನು ಒಂದೇ ಕಾಲು ಹೇಗೆ ತಡೆಯಬೇಕು ಎಂಬುದನ್ನೆಲ್ಲ ನಾನು ಕಂಪನಿಯ ತರಬೇತಿಯಲ್ಲಿ ಕಲಿತದ್ದಲ್ಲ, ಮಂಡಿ ತರಚಿಕೊಂಡು ಕಲಿತದ್ದು. ನಮ್ಮ ಕಡೆಯ ಮನೆಗಳಿಗೆ ಇಳಿಜಾರಿನ ದಾರಿ. ಗಾಡಿಯನ್ನು ಅಂಗಳದಿಂದ ಹಿಂದಕ್ಕೆ ತಳ್ಳಿಕೊಂಡು ತಿರುಗಿಸಲು ಬರದಿದ್ದರೆ ಅದು ಎಷ್ಟು ವೇಗವಾಗಿ ಓಡಿದರೂ ಉಪಯೋಗವಿಲ್ಲ.

ಶೆಟ್ಟರಿಗೆ ನಮ್ಮ ಕಂಪನಿಯೆಂದರೆ ಮನೆದೇವರು. ಬೇರೆ ಕಂಪನಿಯ ಗಾಡಿ ಗೇಟಿನ ಒಳಗೆ ಬರುವಂತಿರಲಿಲ್ಲ. ಅವರ ಸ್ವಂತ ತಮ್ಮ ಬೇರೆಯದರಲ್ಲಿ ಬಂದರೆ ಅದನ್ನು ಎದುರಿನ ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿ ನಡೆದು ಬರಬೇಕಿತ್ತು. "ಇದ್ರಲ್ಲಿ ಅನ್ನ ತಿಂದು ಅದ್ರ ಹೆಸ್ರು ಹೇಳ್ಬಾರ್ದು" ಎನ್ನುತ್ತಿದ್ದರು. ಗಿರಾಕಿಗಳೇನು ಕಡಿಮೆಯೇ? ಅಪ್ಪ ಕೊಂಡ ಕಂಪನಿಯನ್ನೇ ಮಗ ಕೊಳ್ಳಬೇಕು. ಹೊಸನಗರದ ಕಡೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರು ನಾಲ್ವರೂ ಒಂದೇ ಕಂಪನಿ, ಒಂದೇ ಬಣ್ಣ. ಅವರವರ ಗಾಡಿ ಅವರಿಗೇ ಗೊತ್ತಾಗದೆ ಕೀಲಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಂಡಿದ್ದರು. ಆಗ ಗಿರಾಕಿ ಮೊದಲು ಕೇಳುತ್ತಿದ್ದದ್ದು "ಎಷ್ಟು ಕೊಡ್ತದೆ?" ಎಂದು, ಲೀಟರಿಗೆ. ಈಗ ಬರುವವರು ಫೋನಿನಲ್ಲಿ ವಿಡಿಯೋ ನೋಡಿ ಎಲ್ಲವನ್ನೂ ತಿಳಿದುಕೊಂಡೇ ಬರುತ್ತಾರೆ. ನಮಗೇ ಪಾಠ ಹೇಳುತ್ತಾರೆ. ಆದರೆ ಆ ಗಾಡಿಯ ಮೇಲೆ ಒಮ್ಮೆಯೂ ಕೂತಿರುವುದಿಲ್ಲ.

ಇಷ್ಟೆಲ್ಲ ಗಿರಾಕಿಗಳ ನಡುವೆ ನನಗೆ ಕೆಲಸ ಕಲಿಸಿದವರು ನಮ್ಮಲ್ಲಿ ಒಂದೇ ಒಂದು ಗಾಡಿಯನ್ನೂ ಕೊಳ್ಳದ ಇಬ್ಬರು. ಅರಳಸುರಳಿಯ ತಿಮ್ಮಪ್ಪಗೌಡರು ಮತ್ತು ಅವರ ಹೆಂಡತಿ ಗುಲಾಬಕ್ಕ.

ಅವರದು ಮದುವೆ ಮನೆಗಳಿಗೆ ಅಡುಗೆ ಮಾಡುವ ಕಸುಬು. ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಕಡೆಯಿಂದ ಕರೆ ಬಂದರೂ ಇಬ್ಬರೂ ಒಂದೇ ಬೈಕಿನಲ್ಲಿ ಹೊರಡುವರು. ಗುಲಾಬಕ್ಕನ ಕಡುಬು, ಕೋಳಿಸಾರು ಎಂದರೆ ಬೀಗರೂಟದ ದಿನ ಬೇಡವೆಂದವರೂ ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದರು. ಗೌಡರದು ಬಹಳ ಹಳೆಯ ಬೈಕು. ಗೇಟಿನ ಹತ್ತಿರ ಬರುವ ಮೊದಲೇ ಸದ್ದು ಬರುತ್ತಿತ್ತು. ಪಕ್ಕಕ್ಕೆ ಉದ್ದನೆಯ ಸಟ್ಟುಗಗಳನ್ನು ಗೋಣಿಯಲ್ಲಿ ಸುತ್ತಿ ಕಟ್ಟಿರುತ್ತಿದ್ದರು. ಹಿಂದೆ ಗುಲಾಬಕ್ಕ, ತೊಡೆಯ ಮೇಲೊಂದು ಬುಟ್ಟಿ ಇಟ್ಟುಕೊಂಡು, ಒಂದೇ ಕಡೆಗೆ ಕಾಲು ಹಾಕಿ ಕೂತಿರುತ್ತಿದ್ದರು.

ಮೊದಲ ಸಲ ಅವರು ಬಂದದ್ದು ಇಮಾಮಣ್ಣನನ್ನು ಹುಡುಕಿಕೊಂಡು.

"ಗಾಡಿ ಯಾಕೋ ಕೆಮ್ತದೆ, ಒಂಚೂರು ನೋಡ್ಬೇಕಿತ್ತು" ಎಂದರು ಗೌಡರು.

ಶೆಟ್ಟರು ಹೊರಗೆ ಬಂದರು. "ಗೌಡ್ರೇ, ಆ ಕಂಪನಿ ಬಾಗ್ಲು ಹಾಕಿ ಯಾವ ಕಾಲ ಆಯ್ತು. ಗುಜರಿಗೆ ಹಾಕಿ, ನಮ್ದೊಂದು ತಗಳ್ಳಿ."

"ಕಂಪನಿ ಬಾಗ್ಲು ಹಾಕಿದ್ರೆ ಗಾಡಿ ಎಂತ ಮಾಡ್ತು ಶೆಟ್ರೇ? ಅದಿನ್ನೂ ಓಡ್ತಾ ಇದ್ಯಲ್ಲ."

ಶೆಟ್ಟರು ಒಳಗೆ ಬಿಡಲಿಲ್ಲ. ಇಮಾಮಣ್ಣ ಊಟದ ಹೊತ್ತಿನಲ್ಲಿ ಗೇಟಿನಾಚೆಯ ಮರದ ಕೆಳಗೆ ಕೂತು ರಿಪೇರಿ ಮಾಡಿದರು. ಆಮೇಲೆ ಅದೇ ಪದ್ಧತಿಯಾಯಿತು. ವರ್ಷಗಟ್ಟಲೆ ಆ ಮರದ ಕೆಳಗೆ ಆ ಗಾಡಿ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಗುಲಾಬಕ್ಕ ಒಳಗೆ ಬಂದು ನನ್ನ ಜೊತೆ ಮಾತಾಡುತ್ತ ಕೂರುವರು. ನಾನು ಬಿಡದೆ ಗೌಡರಿಗೆ ನಮ್ಮ ಹೊಸ ಗಾಡಿಗಳ ಗುಣ ಹೇಳುತ್ತಿದ್ದೆ.

ಒಮ್ಮೆ ಕೇಳಿದೆ, "ಅದ್ರಲ್ಲಿ ಏನಿದೆ ಗೌಡ್ರೇ ಅಷ್ಟೊಂದು?"

"ಏನೂ ಇಲ್ಲ ತಂಗಿ. ಅದ್ರ ಹೊಟ್ಟೆ ಸರಿ ಇಲ್ದಿದ್ರೆ ಅದು ಹೇಳ್ತದೆ, ನಂಗೆ ಕೇಳ್ತದೆ. ಬೇರೇದ್ರ ಮೇಲೆ ಕೂತ್ರೆ ಭಾಷೆ ಬರದೇ ಇರೋ ಊರಿಗೆ ಹೋದಂಗಾಗ್ತದೆ."

ಬೈಕ್ ಮಾರುವ ಕೆಲಸಕ್ಕೆ ಬರುವವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಕಂಪನಿಗೆ ಅಂಟಿಕೊಂಡವರಲ್ಲಿ ಹೆಚ್ಚಿನವರು ಹೆಸರಿಗೆ ಅಂಟಿಕೊಂಡವರಲ್ಲ. ಗುರುತು ಪರಿಚಯವಿಲ್ಲದ್ದಕ್ಕೆ ಹೆದರುವವರು. ಹೆದರಿದವರ ಎದುರು ಕಂಪನಿಯ ಗುಣಗಾನ ಮಾಡಿದರೆ ಅವರು ಇನ್ನೂ ದೂರ ಹೋಗುತ್ತಾರೆ.

ಇಮಾಮಣ್ಣನ ಕಣ್ಣು ಮಂಜಾಯಿತು. ಕೆಲಸ ಬಿಟ್ಟು ಶಿವಮೊಗ್ಗದ ಮಗಳ ಮನೆಗೆ ಹೋದರು. ಹೊಸ ಮೆಕ್ಯಾನಿಕ್‌ಗಳಿಗೆ ಆ ಗಾಡಿ ಗೊತ್ತಿಲ್ಲ, ಬಿಡಿಭಾಗಗಳೂ ಸಿಗುತ್ತಿರಲಿಲ್ಲ. ಅದು ಕೆಮ್ಮುತ್ತಲೇ ಒಂದೆರಡು ವರ್ಷ ಓಡಿತು. ಒಂದು ದಿನ ಹೊಸನಗರದಲ್ಲಿ ಬೀಗರೂಟ. ಸಾಮಾನೆಲ್ಲ ಹಿಂದಿನ ದಿನವೇ ಹೋಗಿತ್ತು. ಬೆಳಿಗ್ಗೆ ಹೊರಟ ಇವರಿಬ್ಬರ ಗಾಡಿ ಕಾಡಿನ ನಡುವಿನ ಏರಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಬಸ್ಸು ಆಗಲೇ ಹೋಗಿತ್ತು. ಬಹಳ ಹೊತ್ತಿನ ಮೇಲೆ ಲಾರಿಯೊಂದು ಬಂದು ಇಬ್ಬರನ್ನೂ ಹತ್ತಿಸಿಕೊಂಡಿತು. ಛತ್ರ ಮುಟ್ಟುವಾಗ ನೆಂಟರು ಎಲೆ ಮುಂದೆ ಕೂತಾಗಿತ್ತು. ಯಾರೋ ಅಕ್ಕಪಕ್ಕದವರು ಸೇರಿ ಹೇಗೋ ಅನ್ನ ಸಾರು ಮಾಡಿಟ್ಟಿದ್ದರು. ಹೆಣ್ಣಿನ ಸೋದರಮಾವ ಎಲ್ಲರೆದುರಿಗೆ ಗುಲಾಬಕ್ಕನಿಗೆ, "ಗುಜರಿ ಗಾಡಿ ನಂಬ್ಕಂಡು ಇನ್ನೊಬ್ರ ಮನೆ ಮದ್ವೆ ಒಪ್ಕಬೇಡಿ" ಎಂದರಂತೆ.

ಆವತ್ತು ಗುಲಾಬಕ್ಕ ಬಸ್ಸಿನಲ್ಲಿ ಊರಿಗೆ ವಾಪಸಾದರು. ಗೌಡರು ಗಾಡಿಯನ್ನು ಪಿಕಪ್ಪಿಗೆ ಹಾಕಿಸಿಕೊಂಡು ಬಂದರು. ಆ ಗಾಡಿಯನ್ನು ಇನ್ನು ಹತ್ತುವುದಿಲ್ಲವೆಂದು ಗುಲಾಬಕ್ಕ ಒಂದೇ ಸಲ ಹೇಳಿದರಂತೆ, ಮತ್ತೆ ಆ ಮಾತೆತ್ತಲಿಲ್ಲ. ಬಸ್ಸು, ಆಟೋ, ಸಿಕ್ಕಿದ್ದು ಹತ್ತಿ ತಮ್ಮಷ್ಟಕ್ಕೆ ಅಡುಗೆಗೆ ಹೋಗತೊಡಗಿದರು. ಬಸ್ಸಿಲ್ಲದ ಊರಿನ ಮದುವೆಗಳನ್ನು ಬಿಟ್ಟರು. ನಮ್ಮ ಕಡೆ ಬಸ್ಸಿಲ್ಲದ ಊರುಗಳೇ ಹೆಚ್ಚು.

ಗೌಡರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಸಾಗರದ ಸಂತೆಯ ದಿನ ಶೋರೂಮಿಗೆ ಬಂದು ಒಂದೊಂದೇ ಬೈಕಿನ ಮೇಲೆ ಕೂತು ಏಳುವರು. ಚಿಕ್ಕದನ್ನು ಸ್ಟಾರ್ಟ್ ಮಾಡಿ ಕೊಟ್ಟರೆ, "ಸೊಳ್ಳೆ ಗುಂಯ್‌ಗುಟ್ಟಂಗಿದೆ" ಎನ್ನುವರು. ದೊಡ್ಡದರಲ್ಲಿ ಮುಂದಕ್ಕೆ ಬಾಗಿ ಕೂರಬೇಕು, ಸಟ್ಟುಗ ತಿರುವಿ ತಿರುವಿ ನೋಯುವ ಮಣಿಕಟ್ಟಿಗೆ ಅದು ಆಗದು. ಸ್ಕೂಟರ್ ತೋರಿಸಿದರೆ ಹತ್ತಿರವೂ ಬರುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಬಂದು ಅವೇ ಗಾಡಿಗಳ ಮೇಲೆ ಕೂರುವರು. ಹೊಸ ಹುಡುಗರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವರು ಹೋದ ಮೇಲೂ ಯಾವ ಗಾಡಿ ಇವರಿಗೆ ಆದೀತು ಎಂದು ಮನಸ್ಸು ಹುಡುಕುತ್ತಲೇ ಇರುತ್ತಿತ್ತು.

ಆಗಲೇ ಅವರ ಹಳೆಯ ಕಂಪನಿಯ ಹೆಸರು ಮತ್ತೆ ಪೇಟೆಗೆ ಬಂದಿತು. ಯಾರೋ ಆ ಹೆಸರಿನಲ್ಲಿ ಹೊಸ ಬೈಕ್ ತಯಾರಿಸಿದ್ದರು. ಗೌಡರು ಓಡುತ್ತಲೇ ಬಂದರು.

"ತಂಗಿ, ನಮ್ ಗಾಡಿ ವಾಪಸ್ ಬಂದದೆ. ಶಿವಮೊಗ್ಗದಲ್ಲಿ ಇದ್ಯಂತೆ. ನೀನೊಂದ್ಸಲ ಬಾ, ನಂಗೆ ಅಲ್ಲಿ ಮಾತಾಡೋಕೆ ಬರಲ್ಲ."

ಬೇರೆ ಕಂಪನಿಯ ಶೋರೂಮಿಗೆ ಹೋಗುವುದು ಶೆಟ್ಟರಿಗೆ ಗೊತ್ತಾದರೆ ಏನು ಗತಿ? ಆದರೂ ರಜೆಯ ದಿನ ಅವರ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಅಂಗಿಯ ಗುಂಡಿ ಹಾಕುತ್ತ ತೆಗೆಯುತ್ತ ಕೂತಿದ್ದರು, ಹೆಣ್ಣು ನೋಡಲು ಹೊರಟವರ ಹಾಗೆ. ಅಲ್ಲಿನ ಹುಡುಗ ಚೆನ್ನಾಗಿಯೇ ಮಾತಾಡಿದ. ಗಾಡಿಯೂ ಚೆಂದವಿತ್ತು. ಗೌಡರು ಟ್ಯಾಂಕಿನ ಮೇಲಿನ ಹೆಸರನ್ನು ಅಂಗೈಯಿಂದ ಸವರಿದರು. ಹುಡುಗ ಓಡಿಸಲು ಕೊಟ್ಟ. ಗೌಡರು ಹೋದರು, ಬಂದರು, ಇಳಿದರು, ಹೆಲ್ಮೆಟ್ ತೆಗೆದುಕೊಟ್ಟರು.

"ಹೆಂಗಿದೆ ಸರ್?" ಎಂದ ಹುಡುಗ.

"ಚೆನ್ನಾಗಿದೆ ಮಾರಾಯ" ಎಂದರು, ಅಷ್ಟೇ.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನನ್ನ ಕಡೆ ತಿರುಗಿದರು. "ಹೆಸ್ರು ಅದೇ. ಆದ್ರೆ ಅದಕ್ಕೆ ನಾನ್ಯಾರು ಅಂತ ಗೊತ್ತಿಲ್ಲ. ಹಿಂದಿನ ಸೀಟು ನೋಡಿದ್ಯಾ? ಗುಲಾಬಿ ಬುಟ್ಟಿ ಹಿಡ್ಕಂಡು ಎಲ್ಲಿ ಕೂರ್ತಾಳೆ?"

ಆ ಮಾತು ಕೇಳಿ ನನಗೆ ಕೂತಲ್ಲೇ ಎಚ್ಚರವಾದ ಹಾಗಾಯಿತು. ಇಷ್ಟು ತಿಂಗಳು ಗೌಡರ ಎತ್ತರ, ಗೌಡರ ಮಣಿಕಟ್ಟು, ಗೌಡರ ಕಿವಿ ಎಂದು ಅಳೆಯುತ್ತಿದ್ದೆ. ಗಾಡಿಯಲ್ಲಿ ಓಡಾಡುವವರು ಇಬ್ಬರು.

ಆ ವಾರವೇ ತೀರ್ಥಹಳ್ಳಿಗೆ ಹೋದೆ. ಗುಲಾಬಕ್ಕ ಒಂದು ಛತ್ರದ ಹಿಂದಿನ ಅಡುಗೆಮನೆಯಲ್ಲಿ ಕಡುಬು ಕಟ್ಟುತ್ತಿದ್ದರು. ನಾನೂ ಕೈ ತೊಳೆದು ಪಕ್ಕದಲ್ಲಿ ಕೂತೆ.

"ಗುಲಾಬಕ್ಕ, ನಿಮಗೆಂಥ ಗಾಡಿ ಬೇಕು?"

ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ನಂಗಾ? ಇಷ್ಟು ವರ್ಷ ಹಿಂದೆ ಕೂತೆ, ಯಾರೂ ಕೇಳಿರ್ಲಿಲ್ಲ" ಎಂದು ಸೀರೆಯನ್ನು ಸ್ವಲ್ಪ ಮೇಲಕ್ಕೆತ್ತಿ ಕಾಲು ತೋರಿಸಿದರು. ಹಿಮ್ಮಡಿಯ ಮೇಲೆ ಹಳೆಯ ಸುಟ್ಟ ಗಾಯದ ಕಲೆ. "ಸೈಲೆನ್ಸರ್ ತಾಗಿದ್ದು. ಬುಟ್ಟಿ ಬೀಳ್ತದೆ ಅಂತ ಕಾಲು ತೆಗಿಲಿಲ್ಲ. ಇವ್ರಿಗೆ ಹೇಳಿಲ್ಲ. ಹೇಳಿದ್ರೆ ಪಾಪ, ಗಾಡಿಗೆ ಬೈದಂಗೆ ಅಂದ್ಕತಾರೆ."

ಆಮೇಲೆ ಒಂದೊಂದೇ ಹೇಳಿದರು. ಹಿಂದಿನ ಸೀಟು ಸಪಾಟಾಗಿರಬೇಕು. ಎರಡೂ ಕಾಲು ಇಡಲು ಅಗಲದ ಪಟ್ಟಿ ಬೇಕು. ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಬೇಕು. ಹತ್ತುವಾಗ ಯಾರೂ ಸೊಂಟ ಹಿಡಿದು ಎತ್ತುವಂತಿರಬಾರದು. ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಅವರು ಕಡುಬಿನ ಎಲೆ ಮಡಚುತ್ತ, ನನ್ನ ಕಡೆ ನೋಡದೆ, "ಅದೆಲ್ಲ ಇರ್ಲಿ ಅಕ್ಕ. ನೀವು ಹೆಂಗ್ ಕಲ್ತ್ರಿ? ಈ ವಯಸ್ಸಲ್ಲಿ ನಂಗೆ ಬತ್ತದಾ?" ಎಂದರು.

ಐವತ್ತು ದಾಟಿದವರು. ಆದರೆ ಆ ತೋಳು ದಿನವೂ ಕೊಳಗದಷ್ಟು ದೊಡ್ಡ ಪಾತ್ರೆಗಳನ್ನು ಒಲೆಯಿಂದ ಇಳಿಸುವ ತೋಳು. "ಯಾಕೆ ಬರಲ್ಲ?" ಎಂದೆ. "ಸ್ಕೂಟರ್ ಆದ್ರೆ ಬೇಗ ಬರುತ್ತೆ."

"ಸ್ಕೂಟರ್ ಬ್ಯಾಡ. ನಮ್ಮೂರ ದಾರೀಲಿ ಆ ಸಣ್ಣ ಚಕ್ರ ಹೊಂಡ ಕಂಡಲ್ಲೆಲ್ಲ ಕೂರ್ತದೆ. ಬೈಕೇ ಆಗ್ಬೇಕು."

ಕಷ್ಟ ಶುರುವಾದದ್ದು ಅಲ್ಲಿ. ಅವರ ಎತ್ತರಕ್ಕೆ, ಅವರು ಹೇಳಿದ ಹಿಂದಿನ ಸೀಟಿಗೆ, ಇಳಿಜಾರಿನ ಅಂಗಳಕ್ಕೆ ಹೊಂದುವ ಗಾಡಿ ನಮ್ಮ ಕಂಪನಿಯಲ್ಲಿ ಇರಲಿಲ್ಲ. ನಮ್ಮ ಚಿಕ್ಕ ಗಾಡಿಯ ಸೀಟು ಎತ್ತರ, ಹಿಂಭಾಗ ಇನ್ನೂ ಎತ್ತರ. ಹೊಂದುವಂಥದ್ದು ಬಸ್ ಸ್ಟ್ಯಾಂಡಿನ ಆಚೆಯ ಶೋರೂಮಿನಲ್ಲಿತ್ತು. ಎರಡು ದಿನ ಒದ್ದಾಡಿದೆ. ನಮ್ಮದನ್ನೇ ಕೊಟ್ಟರೆ ಅವರು ನನ್ನ ಮಾತಿಗೆ ಒಪ್ಪಿ ತೆಗೆದುಕೊಂಡೇ ಬಿಡುತ್ತಿದ್ದರು. ಅದೇ ನನ್ನನ್ನು ತಡೆಯಿತು. ಗುಲಾಬಕ್ಕನನ್ನು ಆ ಶೋರೂಮಿಗೆ ಕಳಿಸಿದೆ. ಅವರು ಅದೇ ಗಾಡಿ ಕೊಂಡರು. ಗೌಡರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಅರಳಸುರಳಿಯ ಮೈದಾನದಲ್ಲಿ ರಜೆಯ ದಿನಗಳಲ್ಲಿ ನಾನೇ ಕಲಿಸಿದೆ. ಮೊದಲು ಎಂಜಿನ್ ಆರಿಸಿ ಗಾಡಿ ತಳ್ಳಿಸಿದೆ, ಹಿಂದಕ್ಕೆ ತಿರುಗಿಸಲು ಹೇಳಿದೆ. ಭಾರ ಕೈಗೆ ಗೊತ್ತಾದ ಮೇಲೆ ಕ್ಲಚ್. ಗುಲಾಬಕ್ಕ ಬಿದ್ದದ್ದು ಉಂಟು. ಬಿದ್ದಾಗಲೆಲ್ಲ ಸೀರೆ ಕೊಡವಿಕೊಂಡು, "ಮುಂದೆ?" ಎನ್ನುವರು. ಗೌಡರು ಮೈದಾನದ ಅಂಚಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು, ಅವರ ಕೈ ಗಾಳಿಯಲ್ಲಿ ತಾನಾಗಿಯೇ ಕ್ಲಚ್ ಹಿಡಿಯುತ್ತಿತ್ತು. ಆಮೇಲೆ ಗುಲಾಬಕ್ಕ ಚೂಡಿದಾರ್ ಹೊಲಿಸಿಕೊಂಡರು. ಲೈಸೆನ್ಸ್ ಬಂದಿತು.

ಬಂದ ದಿನವೇ ಒಂದು ಡಬ್ಬಿ ಸಿಹಿ ತೆಗೆದುಕೊಂಡು ಅದೇ ಗಾಡಿಯಲ್ಲಿ ನಮ್ಮ ಶೋರೂಮಿಗೆ ಬಂದರು. ಆ ಸಂಭ್ರಮದಲ್ಲಿ ಅವರಿಗೆ ನಮ್ಮ ಗೇಟಿನ ಕಟ್ಟಳೆ ಮರೆತೇಹೋಗಿತ್ತು. ಸೀದಾ ಗೇಟಿನ ಒಳಗೆ ತಂದು ಶೆಟ್ಟರ ಕೋಣೆಯ ಎದುರಿಗೇ ನಿಲ್ಲಿಸಿದರು. "ಶಕುಂತಲಕ್ಕನೇ ಆರಿಸಿ ಕೊಟ್ಟಿದ್ದು ಶೆಟ್ರೇ" ಎಂದು ಡಬ್ಬಿ ಮುಂದಿಟ್ಟರು.

ಶೆಟ್ಟರು ಸಿಹಿ ತೆಗೆದುಕೊಂಡರು, ಒಳ್ಳೆಯದಾಗಲಿ ಎಂದರು. ಅವರು ಹೋದ ಮೇಲೆ ನನ್ನ ಜೊತೆ ಮಾತು ಬಿಟ್ಟರು. ಕೆಲಸದ ವಿಷಯವನ್ನು ಬೇರೆಯವರ ಬಾಯಲ್ಲಿ ಹೇಳಿ ಕಳಿಸುವರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಹೋದರೂ ಆ ಮೌನ ಹಿಂದೆಯೇ ಬರುತ್ತಿತ್ತು. ರಾಜೀನಾಮೆ ಕೊಡಲೇ ಎಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿ ತಿರುಗಿ ಬಂದೆ.

ಒಂದು ಮಧ್ಯಾಹ್ನ ಅವರೇ ಕರೆದರು.

"ನಮ್ ಗಾಡೀಲಿ ಏನ್ ಕಡಿಮೆ ಆಯ್ತು?"

"ಹಿಂದೆ ಕೂತು ನೋಡಿ ಶೆಟ್ರೇ, ಒಂದೇ ಕಡೆ ಕಾಲು ಹಾಕಿ" ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಶೆಟ್ಟರು ಬಿಳಿ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದು ನಮ್ಮ ಚಿಕ್ಕ ಗಾಡಿಯ ಹಿಂದಿನ ಸೀಟು ಹತ್ತಲು ಹೋದರು. ಮೊದಲ ಸಲ ಜಾರಿದರು. ಎರಡನೆಯ ಸಲ ನನ್ನ ಭುಜ ಹಿಡಿದು ಹತ್ತಿ ಕೂತರು. ಕಾಲು ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ಹುಡುಕಿದರು. ಬುಟ್ಟಿಯ ಬದಲು ಒಂದು ಹೆಲ್ಮೆಟನ್ನು ಅವರ ತೊಡೆಯ ಮೇಲಿಟ್ಟೆ.

"ನಮ್ಮನೆಯವ್ಳು ಇದ್ರ ಮೇಲೆ ಇಪ್ಪತ್ತು ವರ್ಷ ಕೂತ್ಲು" ಎಂದರು, ಇಳಿಯದೆ.

ಮಾರನೆಯ ದಿನದಿಂದ ನಮ್ಮಲ್ಲಿ ಒಂದು ಹೊಸ ಪದ್ಧತಿ ಬಂದಿತು. ಬೈಕ್ ನೋಡಲು ಬಂದವರಿಗೆ ಮೊದಲ ಪ್ರಶ್ನೆ, ಹಿಂದೆ ಯಾರು ಕೂರುತ್ತಾರೆ? ಅವರನ್ನು ಕರೆದುಕೊಂಡು ಬನ್ನಿ. ಕೆಲವು ಗಿರಾಕಿಗಳು ಬೇಸತ್ತು ಹೋದರು. ಇನ್ನು ಕೆಲವರು ತಾಯಿಯನ್ನು, ಹೆಂಡತಿಯನ್ನು ಕರೆದುಕೊಂಡು ಬಂದು, ಅರ್ಧಗಂಟೆ ಅವರಲ್ಲೇ ವಾದ ಮಾಡಿ, ತಾವು ಎಣಿಸದ ಗಾಡಿ ಕೊಂಡುಹೋದರು. ಬೇರೆ ಕಂಪನಿಯ ಗಾಡಿಗಳನ್ನು ಮಾತ್ರ ಶೆಟ್ಟರು ಗೇಟಿನ ಒಳಗೆ ಬಿಡಲೇ ಇಲ್ಲ. ಗುಲಾಬಕ್ಕನದೊಂದನ್ನು ಬಿಟ್ಟು.

ಮೊನ್ನೆ ಹೊಸನಗರಕ್ಕೆ ಹೋಗಿದ್ದೆ, ಸುಮ್ಮನೆ, ಕೂರಲಾಗದೆ. ಬಸ್ ಸ್ಟ್ಯಾಂಡಿನ ಎದುರು ಗುಲಾಬಕ್ಕ ಗಾಡಿ ನಿಲ್ಲಿಸಿಕೊಂಡು ನಿಂತಿದ್ದರು. ಪಕ್ಕದಲ್ಲಿ ಗೌಡರು. ಇಬ್ಬರ ಮುಖವೂ ಬಿಗಿದಿತ್ತು. ನನ್ನನ್ನು ಕಂಡದ್ದೇ ಗುಲಾಬಕ್ಕ ದೂರು ತೆಗೆದರು.

"ನೋಡಿ ಅಕ್ಕ, ಮನೆ ಬಿಟ್ಟಾಗಿಂದ ಹಿಂದೆ ಕೂತು ಗೇರು, ಕ್ಲಚ್ಚು ಅಂತ ಕಿವಿ ತಿಂತಾ ಇದಾರೆ. ನಂಗೆ ಸಾಕಾತು." ಗೌಡರ ಕಡೆ ತಿರುಗಿ ಕೀಲಿ ಚಾಚಿದರು. "ಇಕಳ್ಳಿ. ನೀವೇ ಓಡ್ಸಿ."

ಗೌಡರು ಕೀಲಿಯನ್ನು ನೋಡಿದರು. ಅಲ್ಲಿಯವರೆಗೆ ಅವರು ಆ ಗಾಡಿಯ ಹ್ಯಾಂಡಲ್ ಮುಟ್ಟಿರಲಿಲ್ಲವಂತೆ. ಕೀಲಿ ತೆಗೆದುಕೊಂಡು, ಹತ್ತಿ, ಸ್ಟಾರ್ಟ್ ಮಾಡಿ, ಒಬ್ಬರೇ ಹೊರಟುಬಿಟ್ಟರು. ತಿರುವಿನಾಚೆ ಮರೆಯಾದರು. ನಾವು ಕಾದೆವು. ಗುಲಾಬಕ್ಕ ಮೊದಲು ಬೇರೆ ಮಾತಾಡಿದರು, ಆಮೇಲೆ ರಸ್ತೆ ನೋಡತೊಡಗಿದರು, ಆಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು.

ಗೌಡರು ಬಂದರು. ನಿಧಾನವಾಗಿ ತಂದು ಗುಲಾಬಕ್ಕನ ಎದುರಿಗೇ ನಿಲ್ಲಿಸಿದರು.

"ಹಿಂದಿನ ಬ್ರೇಕು ಒಂಚೂರು ಸಡಿಲ ಇದೆ" ಎಂದರು. "ನಾಳೆ ಬಿಗಿ ಮಾಡ್ಕೊಡ್ತೀನಿ."

ಇಳಿದು, ಗುಲಾಬಕ್ಕ ಹತ್ತಿ ಕೂರುವವರೆಗೆ ಹ್ಯಾಂಡಲ್ ಹಿಡಿದುಕೊಂಡರು. ಆಮೇಲೆ ಗೋಣಿಯಲ್ಲಿ ಸುತ್ತಿದ ಸಟ್ಟುಗಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತರು.

"ಹೊರಡು. ಅಕ್ಕಿ ನೆನೆಹಾಕೋಕೆ ಹೊತ್ತಾಯ್ತು."